ಪ್ರಶ್ನೆ ಬಿಟ್ಟು ಪ್ರಶ್ನಿಸಿದವನ ಜಾತಕ

2025ರ ಸೆಪ್ಟೆಂಬರ್ 7, ಭಾನುವಾರ. ಆ ರಾತ್ರಿ ಸಂಪೂರ್ಣ ಚಂದ್ರಗ್ರಹಣವಿತ್ತು. ಸ್ಪರ್ಶ ರಾತ್ರಿ ಹತ್ತಕ್ಕೆ ಎರಡು ಮೂರು ನಿಮಿಷ ಮೊದಲು, ಮೋಕ್ಷ ನಡುರಾತ್ರಿ ಕಳೆದು 1.26ಕ್ಕೆ. ಗ್ರಹಣಕ್ಕೆ ಒಂಬತ್ತು ಗಂಟೆ ಮೊದಲೇ ವೇಧ, ಅಂದರೆ ಉಣ್ಣಬಾರದ ಹೊತ್ತು, ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ ಹನುಮಂತನಗರದ ನನ್ನ ಅಕ್ಕನ ಮನೆಯಲ್ಲಿ ಮಧ್ಯಾಹ್ನ ಒಂದರೊಳಗೆ ಊಟ ಮುಗಿದಿತ್ತು. ಭಾವನ ತಾಯಿ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿ, ತುಪ್ಪದ ಡಬ್ಬಿ, ಹುಣಸೆಹಣ್ಣಿನ ಭರಣಿ, ಕುಡಿಯುವ ನೀರಿನ ಬಿಂದಿಗೆ ಇವುಗಳಿಗೆ ಗ್ರಹಣದ ದೋಷ ತಟ್ಟದಿರಲೆಂದು ಒಂದೊಂದೆಳೆ ದರ್ಭೆ ಇಡುತ್ತ ಬಂದರು. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗ ಅವರ ಹಿಂದೆಯೇ ನಿಂತು ನೋಡುತ್ತಿದ್ದವನು, "ಅಜ್ಜಿ, ಫ್ರಿಜ್ಜಲ್ಲಿರೋ ಹಾಲಿಗೆ ಬೇಡವಾ?" ಎಂದು ಕೇಳಿದ.

ಭಾವ ದಿನಪತ್ರಿಕೆಯಿಂದ ತಲೆಯೆತ್ತಿ, ಸ್ಕೂಲಿನಲ್ಲಿ ಇದನ್ನೇ ಹೇಳಿಕೊಡುತ್ತಾರೋ ಎಂದರು. ಅವರ ತಂಗಿ, ಹುಡುಗ ಯೂಟ್ಯೂಬಿನಲ್ಲಿ ಏನೇನು ನೋಡುತ್ತಾನೆಂದು ಸ್ವಲ್ಪ ಗಮನಿಸಿ ಎಂದು ಅಕ್ಕನಿಗೆ ಸೂಚನೆ ಕೊಟ್ಟರು. ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ದೊಡ್ಡಪ್ಪ, "ಈ ವಯಸ್ಸಲ್ಲಿ ಎಲ್ಲರೂ ನಾಸ್ತಿಕರೇ. ಮದುವೆಯಾಗಿ ಮನೆ ಸಾಲ ತೊಗೊಂಡ ಮೇಲೆ ತಾನಾಗೇ ಕೈ ಮುಗೀತಾನೆ ಬಿಡಿ" ಎಂದು ನಕ್ಕರು. ಅಕ್ಕ ಮಗನ ಕಡೆ ಕಣ್ಣು ಬಿಟ್ಟಳು. ಹುಡುಗ ದೇವರಿಲ್ಲ ಎಂದಿರಲಿಲ್ಲ. ಗ್ರಹಣದ ಆಚರಣೆ ಸುಳ್ಳು ಎಂದೂ ಹೇಳಿರಲಿಲ್ಲ. ಅಷ್ಟೇಕೆ, ದರ್ಭೆಗೆ ಶಕ್ತಿಯಿದೆ ಎಂಬುದನ್ನು ಒಪ್ಪಿಕೊಂಡೇ ಅದರ ವ್ಯಾಪ್ತಿ ಎಲ್ಲಿಯವರೆಗೆ ಎಂದು ಕೇಳಿದ್ದ. ವಿದ್ವಾಂಸರ ಸಭೆಯಲ್ಲಿ ಇಟ್ಟಿದ್ದರೆ ಸೊಗಸಾದ ಪೂರ್ವಪಕ್ಷ, ಅಂದರೆ ಸಮಾಧಾನ ಬೇಡುವ ಆಕ್ಷೇಪ, ಎನಿಸಿಕೊಳ್ಳುತ್ತಿತ್ತು. ಇಲ್ಲಿ ಮಾತ್ರ ಮೂರು ನಿಮಿಷದಲ್ಲಿ ಅವನ ಶಾಲೆ, ಅವನ ಮೊಬೈಲು, ಅವನ ವಯಸ್ಸು ಎಲ್ಲವೂ ವಿಚಾರಣೆಗೆ ಒಳಗಾದವು. ಹಾಲಿನ ವಿಚಾರ ಯಾರೂ ಎತ್ತಲಿಲ್ಲ. ಭಾವನ ತಾಯಿ ಒಬ್ಬರೇ ಏನೂ ಹೇಳದೆ ದರ್ಭೆಯ ಕಟ್ಟನ್ನು ಮತ್ತೆ ಸುತ್ತುತ್ತಿದ್ದರು.

ಇಂತಹ ಗಳಿಗೆಯನ್ನು ಬೆಂಗಳೂರಿನ ಯಾವ ಬಡಾವಣೆಯಲ್ಲಿ ಬೇಕಾದರೂ ಕಾಣಬಹುದು. ಅದು ಗ್ರಹಣಕ್ಕಾಗಲೀ ಒಂದು ಧರ್ಮಕ್ಕಾಗಲೀ ಸೀಮಿತವಾದುದಲ್ಲ. ಧಾರ್ಮಿಕ ನಂಬಿಕೆಯ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಎತ್ತಿದರೆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಪ್ರಶ್ನಿಸಿದವನ ಜಾತಕ ಬಿಚ್ಚುವುದು ನಮಗೆ ರೂಢಿಯಾಗಿದೆ. ಇವನ ತಲೆ ಕೆಡಿಸಿದವರು ಯಾರು, ಇವನ ಸಹವಾಸ ಎಂಥದ್ದು, ಇವನಿಗೆ ಏನು ಕಷ್ಟ ಬಂದಿದೆ, ಇವನು ಯಾವ ಪಕ್ಷದವನು, ಕೊನೆಗೆ ಇವನು ಯಾರ ಪೈಕಿ? ಈ ಊಹೆಗಳಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ಕೇರಿ ನೋಡುವ ಮೊದಲು ನನ್ನ ವಾದವನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮಲ್ಲಿ ನಂಬಿಕೆಯ ಬಗೆಗಿನ ಪ್ರಶ್ನೆ ಕಿವಿಗೆ ಬೀಳುವಷ್ಟರಲ್ಲಿ ಸಂಬಂಧದ ಬಗೆಗಿನ ಪ್ರಶ್ನೆಯಾಗಿ ಮಾರ್ಪಟ್ಟಿರುತ್ತದೆ. "ಇದು ಹೀಗೇಕೆ" ಎಂದು ಕೇಳಿದರೆ "ನಾನು ನಿಮ್ಮವನಲ್ಲ" ಎಂದ ಹಾಗೆ ಕೇಳಿಸುತ್ತದೆ, ಉತ್ತರವೂ ಆಡದೇ ಇದ್ದ ಆ ಎರಡನೆಯ ಮಾತಿಗೇ ಬರುತ್ತದೆ.

ಇದರಲ್ಲಿ ನಮ್ಮ ಭಾಷೆಯ ಪಾಲೂ ಸ್ವಲ್ಪ ಇದೆ. ಕನ್ನಡದಲ್ಲಿ ‘ನಂಬಿಕೆ’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ದೇವರಿದ್ದಾನೆ ಎಂದು ಒಪ್ಪುವುದೂ ನಂಬಿಕೆ, ಮನೆಯ ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಊರಿಗೆ ಹೋಗುವುದೂ ನಂಬಿಕೆ. ನಂಬಿಕಸ್ಥ, ನಂಬಿಕೆದ್ರೋಹಿ ಎಂಬ ಮಾತುಗಳೆಲ್ಲ ಈ ಎರಡನೆಯ ಅರ್ಥದಿಂದ ಹುಟ್ಟಿದವು. ಆದ್ದರಿಂದ "ನನಗೆ ಅದರಲ್ಲಿ ನಂಬಿಕೆ ಇಲ್ಲ" ಎಂದು ಒಬ್ಬ ಒಂದು ಆಚರಣೆಯ ಕುರಿತು ಹೇಳಿದರೂ, ಅದನ್ನು ಪಾಲಿಸುತ್ತ ಬಂದ ತಾಯಿತಂದೆಯರನ್ನೇ ಅವನು ನಂಬುತ್ತಿಲ್ಲ ಎಂಬ ನೆರಳು ಆ ಮಾತಿನ ಹಿಂದೆ ಬರುತ್ತದೆ. ‘ಪ್ರಶ್ನೆ’ ಎಂಬ ಪದದ ಪಾಡು ಇನ್ನೂ ಸ್ವಾರಸ್ಯದ್ದು. ಕರಾವಳಿಯ ದೇವಸ್ಥಾನಗಳಲ್ಲಿ ಅಷ್ಟಮಂಗಲ ಪ್ರಶ್ನೆ ಇಡಿಸುತ್ತಾರೆ. ಈ ಕಡೆ ದೇವರ ಮುಂದೆ ಹೂವಿನ ಪ್ರಸಾದ ಕೇಳುತ್ತಾರೆ. ಜ್ಯೋತಿಷಿಯ ಮುಂದೆ ಕೂತು ಕವಡೆ ಹಾಕಿಸುವುದಕ್ಕೂ ಪ್ರಶ್ನೆ ಕೇಳುವುದು ಎಂದೇ ಹೆಸರು. ದೇವರನ್ನು ಪ್ರಶ್ನೆ ಕೇಳಿದರೆ ಭಕ್ತಿ, ದೇವರ ಬಗ್ಗೆ ಪ್ರಶ್ನೆ ಕೇಳಿದರೆ ಅಧಿಕಪ್ರಸಂಗ. ಒಂದು ವಿಭಕ್ತಿ ಬದಲಾದರೆ ಕೇಳಿದವನ ಗತಿಯೇ ಬದಲಾಗುತ್ತದೆ.

ದೊಡ್ಡಪ್ಪ ಅಷ್ಟು ಸಲೀಸಾಗಿ ಬಳಸಿದ ‘ನಾಸ್ತಿಕ’ ಎಂಬ ಪದವನ್ನೂ ಸ್ವಲ್ಪ ತಿರುಗಿಸಿ ನೋಡಬೇಕು. ಭಾರತೀಯ ದರ್ಶನಗಳ ಹಳೆಯ ವಿಂಗಡಣೆಯಲ್ಲಿ ವೇದದ ಪ್ರಾಮಾಣ್ಯವನ್ನು ಒಪ್ಪಿದವರು ಆಸ್ತಿಕರು, ಒಪ್ಪದ ಚಾರ್ವಾಕ, ಜೈನ, ಬೌದ್ಧರು ನಾಸ್ತಿಕರು. ದೇವರನ್ನು ಒಪ್ಪುವುದು ಬಿಡುವುದು ಅಲ್ಲಿ ಅಳತೆಗೋಲಾಗಿರಲಿಲ್ಲ. ಶಾಸ್ತ್ರೀಯ ಸಾಂಖ್ಯವು ಸೃಷ್ಟಿಯನ್ನು ಈಶ್ವರನ ನೆರವಿಲ್ಲದೆ ವಿವರಿಸಿತು. ವೈದಿಕ ಕರ್ಮದ ಪರಮ ಸಮರ್ಥಕನಾದ ಮೀಮಾಂಸಕ ಕುಮಾರಿಲ ಭಟ್ಟನು ಜಗತ್ತನ್ನು ಸೃಷ್ಟಿಸಿದ ಸರ್ವಜ್ಞನೊಬ್ಬನಿದ್ದಾನೆ ಎಂಬ ವಾದವನ್ನು ಶ್ಲೋಕವಾರ್ತಿಕದಲ್ಲಿ ಖಂಡಿಸಿದ್ದಾನೆ, ಆದರೂ ಅವನು ಆಸ್ತಿಕ. ಮೀಮಾಂಸಾ ಸೂತ್ರಗಳು ಆರಂಭವಾಗುವುದೇ ‘ಧರ್ಮಜಿಜ್ಞಾಸಾ’, ಅಂದರೆ ಧರ್ಮವೇನೆಂದು ತಿಳಿಯುವ ಬಯಕೆ, ಎಂಬ ಮಾತಿನಿಂದ. ಇಷ್ಟು ಹೇಳಿದ ಕೂಡಲೇ ನಮ್ಮಲ್ಲಿ ಎಂಥ ಮುಕ್ತತೆಯಿತ್ತು ನೋಡಿ ಎಂದು ಎದೆಯುಬ್ಬಿಸುವವರಿದ್ದಾರೆ. ಚಾಮರಾಜಪೇಟೆಯ ಪ್ರವಚನ ಮಂದಿರದಲ್ಲಿ ಕಠೋಪನಿಷತ್ತಿನ ನಚಿಕೇತನ ಪ್ರಶ್ನೆಗೆ ತಲೆದೂಗಿ ಬಂದವರೇ ಮನೆಯ ನಚಿಕೇತನಿಗೆ ಬಾಯಿ ಮುಚ್ಚು ಎನ್ನುತ್ತಾರೆ. ಆ ವಿಷಯದಲ್ಲಿ ಅವರು ಪರಂಪರೆಗೆ ನಿಷ್ಠರೇ ಎನ್ನಬೇಕು. ಮೂಲ ಕಥೆಯಲ್ಲಿಯೂ ಮುದಿ ಹಸುಗಳ ದಾನವನ್ನು ಕಂಡು ಮತ್ತೆ ಮತ್ತೆ ಪ್ರಶ್ನೆ ಕೇಳಿದ ಮಗನನ್ನು "ಯಮನಿಗೆ ಕೊಟ್ಟೆ ಹೋಗು" ಎಂದದ್ದು ಹೆತ್ತ ತಂದೆಯೇ.

ಹುಡುಗನ ಪ್ರಶ್ನೆ ಅಷ್ಟು ಬೇಗ ಚುಚ್ಚಿದ್ದೇಕೆ ಎಂಬುದಕ್ಕೆ ಒಂದು ಸಮೀಕ್ಷೆಯಲ್ಲಿ ಸುಳಿವಿದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2019ರ ಕೊನೆಯಿಂದ 2020ರ ಆರಂಭದವರೆಗೆ ಭಾರತದ ಸುಮಾರು 30,000 ವಯಸ್ಕರನ್ನು ಮಾತನಾಡಿಸಿ 2021ರಲ್ಲಿ ವರದಿ ಪ್ರಕಟಿಸಿತು. ದೇವರಲ್ಲಿ ನಂಬಿಕೆಯಿದೆ ಎಂದವರು ಶೇ. 97. ಆದರೆ ದೇವರನ್ನು ನಂಬದವನು ಹಿಂದೂ ಆಗಿರಲಾರ ಎಂದ ಹಿಂದೂಗಳು ಶೇ. 49 ಮಾತ್ರ, ಗೋಮಾಂಸ ತಿನ್ನುವವನು ಹಿಂದೂ ಆಗಿರಲಾರ ಎಂದವರು ಶೇ. 72. ಮುಸ್ಲಿಮರಲ್ಲಿಯೂ ಇಂಥದೇ ಅಂತರ ಕಂಡಿತು: ದೇವರನ್ನು ನಂಬದಿರುವುದಕ್ಕಿಂತ ಹಂದಿಮಾಂಸ ತಿನ್ನುವುದೇ ಹೆಚ್ಚು ಜನರಿಗೆ ಸಮುದಾಯದಿಂದ ಹೊರಬಿದ್ದ ಗುರುತಾಗಿ ತೋರಿತು. ನನಗೆ ಇದು ಆ ಶೇ. 97ಕ್ಕಿಂತ ಹೆಚ್ಚು ಮುಖ್ಯವಾದ ಸಂಗತಿ. ನಮ್ಮ ಧರ್ಮಜೀವನದ ಭಾರ ಬಿದ್ದಿರುವುದು ಸಿದ್ಧಾಂತದ ಮೇಲಲ್ಲ, ಅಡುಗೆಮನೆಯ ಮೇಲೆ, ಮಡಿಯ ಮೇಲೆ, ಹಬ್ಬದ ಪಟ್ಟಿಯ ಮೇಲೆ, ಒಟ್ಟಿಗೆ ಕೂತು ಉಣ್ಣುವುದರ ಮೇಲೆ. ಗಾಂಧಿ ಬಜಾರಿನ ಹೋಟೆಲಿನಲ್ಲಿ ದೋಸೆ ಬರುವವರೆಗೂ ದೇವರಿದ್ದಾನೋ ಇಲ್ಲವೋ ಎಂದು ಚರ್ಚಿಸಿ, ಬಿಲ್ಲು ಕೊಟ್ಟು ಎದ್ದು ಬರಬಹುದು. ಯಾರ ಮನಸ್ಸೂ ಮುರಿಯುವುದಿಲ್ಲ. ಏಕಾದಶಿಯ ದಿನ ಅನ್ನ ಏಕೆ ಬೇಡ ಎಂದು ಮನೆಯಲ್ಲಿ ಕೇಳಿದರೆ ಮಾತ್ರ ಒಲೆಯ ಮುಂದಿರುವವರ ಮುಖ ಬದಲಾಗುತ್ತದೆ. ದರ್ಭೆಯ ಪ್ರಶ್ನೆ ಈ ಎರಡನೆಯ ಜಾತಿಗೆ ಸೇರಿದ್ದು.

ಊಹೆಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಚಾರಿತ್ರ್ಯದ ಕುರಿತಾದದ್ದು: ದೇವರ ಭಯ ಇಲ್ಲದವನು ಏನನ್ನಾದರೂ ಮಾಡಬಲ್ಲ ಎಂಬುದು. ಇದು ನಮ್ಮೂರಿನ ಕಾಯಿಲೆ ಮಾತ್ರ ಎಂದುಕೊಂಡಿದ್ದೆ, ಹಾಗಲ್ಲ. ಮನಶ್ಶಾಸ್ತ್ರಜ್ಞ ವಿಲ್ ಗೆರ್ವೇಯ್ಸ್ ಮತ್ತು ಸಂಗಡಿಗರು ಭಾರತವೂ ಸೇರಿದಂತೆ 13 ದೇಶಗಳಲ್ಲಿ 3,000ಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಪ್ರಾಣಿಗಳನ್ನು ಹಿಂಸಿಸುತ್ತ ಬೆಳೆದು ಮುಂದೆ ಮನುಷ್ಯರನ್ನು ಕೊಂದ ಒಬ್ಬನ ವರ್ಣನೆಯನ್ನು ಓದಲು ಕೊಟ್ಟು, ಅವನು ಶಿಕ್ಷಕನಾಗಿರುವ ಸಂಭವ ಹೆಚ್ಚೋ, ಶಿಕ್ಷಕನೂ ನಿರೀಶ್ವರವಾದಿಯೂ ಆಗಿರುವ ಸಂಭವ ಹೆಚ್ಚೋ ಎಂದು ಕೆಲವರನ್ನು ಕೇಳಿದರು. ಇನ್ನು ಕೆಲವರಿಗೆ ನಿರೀಶ್ವರವಾದಿಯ ಜಾಗದಲ್ಲಿ ದೇವರನ್ನು ನಂಬುವವನನ್ನು ಇಟ್ಟು ಕೇಳಿದರು. ಎರಡು ಷರತ್ತು ಒಟ್ಟಿಗೆ ಪೂರೈಸುವ ಸಂಭವ ಒಂದೇ ಷರತ್ತಿನ ಸಂಭವಕ್ಕಿಂತ ಹೆಚ್ಚಾಗುವುದು ಗಣಿತದಲ್ಲಿ ಅಸಾಧ್ಯ. ಹಾಗಿದ್ದರೂ ‘ನಿರೀಶ್ವರವಾದಿ’ ಎಂಬ ಪದ ಸೇರಿದಾಗ ಈ ತಪ್ಪು ಮಾಡಿದವರ ಪ್ರಮಾಣ, ‘ನಂಬುವವನು’ ಎಂಬ ಪದ ಸೇರಿದಾಗಿನದಕ್ಕಿಂತ ಸುಮಾರು ಎರಡು ಪಟ್ಟಾಗಿತ್ತು. ತಮಾಷೆಯೆಂದರೆ ಸ್ವತಃ ದೇವರನ್ನು ನಂಬದವರಲ್ಲಿಯೂ ಇದೇ ಒಲವು ಕಂಡಿತು. ಇಲ್ಲಿ ಎರಡು ಮೆಟ್ಟಿಲುಗಳಿರುವುದನ್ನು ಗಮನಿಸಬೇಕು. ಪ್ರಶ್ನೆ ಕೇಳಿದವನು ನಾಸ್ತಿಕ ಎಂಬುದು ಮೊದಲನೆಯದು, ನಾಸ್ತಿಕ ನಂಬಿಕಸ್ಥನಲ್ಲ ಎಂಬುದು ಎರಡನೆಯದು. ಎರಡನ್ನೂ ಒಂದೇ ನೆಗೆತಕ್ಕೆ ಹತ್ತಿದವರಿಗೆ ಹಾಲಿನ ಬಗ್ಗೆ ಕೇಳಿದ ಹುಡುಗನ ಭವಿಷ್ಯದ ಬಗ್ಗೆ ಆತಂಕ ಹುಟ್ಟುವುದು ಸಹಜ. ಈ ಎರಡನೆಯ ಮೆಟ್ಟಿಲನ್ನು ನಮ್ಮ ಸಂವಿಧಾನ ಹತ್ತಲಿಲ್ಲ. ಮೂರನೆಯ ಅನುಸೂಚಿಯ ಪ್ರಕಾರ ಮಂತ್ರಿಯಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು, ಎರಡಕ್ಕೂ ಒಂದೇ ತೂಕ.

ಬೆಂಗಳೂರಿನವರಿಗೆ ಈ ಮೆಟ್ಟಿಲುಗಳ ಪೊಳ್ಳುತನವನ್ನು ತೋರಿಸಲು ಪುಸ್ತಕ ಬೇಡ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ನೆನಪು ಸಾಕು. ಡಾ. ಎಚ್. ನರಸಿಂಹಯ್ಯನವರು 1942ರ ಚಳವಳಿಯಲ್ಲಿ ಸೆರೆಮನೆ ಕಂಡ ಗಾಂಧಿವಾದಿ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಬಿಡದವರು. ಮದುವೆಯಾಗದೆ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ಬಾಳಿದವರು. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಸಾಪ್ತಾಹಿಕ ಉಪನ್ಯಾಸಗಳಿಗೆ ಎರಡು ಮೂರು ತಲೆಮಾರಿನ ವಿದ್ಯಾರ್ಥಿಗಳು ಬಂದು ಕೂತಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ಪವಾಡಗಳ ತನಿಖೆಗೆ ಒಂದು ಸಮಿತಿ ರಚಿಸಿ ವೈಟ್‌ಫೀಲ್ಡ್ ಬಳಿಯಲ್ಲೂ ಆಶ್ರಮವಿದ್ದ ಸತ್ಯ ಸಾಯಿಬಾಬಾ ಅವರಿಗೆ, ಪರೀಕ್ಷೆಗೆ ಒಳಪಡುವ ಸನ್ನಿವೇಶದಲ್ಲಿ ಪವಾಡ ತೋರಿಸುವಂತೆ ಪತ್ರ ಬರೆದರು. ಬಾಬಾ ಅದಕ್ಕೆ ಒಪ್ಪಲಿಲ್ಲ. ವಿಜ್ಞಾನದ ಎಲ್ಲೆ ಇಂದ್ರಿಯಗಳವರೆಗೆ, ಅಧ್ಯಾತ್ಮ ಅದನ್ನು ಮೀರಿದ್ದು ಎಂಬುದು ಅವರ ನಿಲುವಾಗಿತ್ತು. ಊರೆಲ್ಲ ಆಗ ಎರಡು ಪಾಳೆಯವಾಯಿತು. ನರಸಿಂಹಯ್ಯನವರು ದೇವರ ವಿರೋಧಿ, ಪ್ರಚಾರಪ್ರಿಯ ಎಂಬ ಮಾತುಗಳು ಹುಟ್ಟಿದವು. ಅವರು ಕೇಳಿದ್ದೇನು ಎಂಬುದು ಸಮಿತಿಯ ಹೆಸರಿನಲ್ಲಿಯೇ ಇತ್ತು: ಪವಾಡಗಳು ಮತ್ತು ‘ಪರೀಕ್ಷಿಸಬಹುದಾದ’ ಇತರ ಮೂಢನಂಬಿಕೆಗಳು. ಆ ವಿಶೇಷಣ ದೊಡ್ಡ ಬೇಲಿ. ಗಾಳಿಯಿಂದ ವಿಭೂತಿ ಬಂತು ಎಂಬುದು ಪರೀಕ್ಷೆಗೆ ಒಳಗಾಗುವ ಮಾತು. ವಿಭೂತಿ ಹಚ್ಚಿಕೊಂಡವನ ಮನಸ್ಸಿಗೆ ಸಿಕ್ಕ ನೆಮ್ಮದಿ ಆ ಬೇಲಿಯ ಆಚೆಗಿನದು, ಸಮಿತಿ ಅದನ್ನು ಮುಟ್ಟಲೇ ಇಲ್ಲ. ಪರವಾಗಿ ಕೂಗಿದವರೂ ವಿರುದ್ಧ ಕೂಗಿದವರೂ ಆ ಒಂದು ಪದವನ್ನು ಓದದೇ ಮುಂದೆ ಹೋದರು ಎಂಬುದು ನನ್ನ ಅನಿಸಿಕೆ. ನರಸಿಂಹಯ್ಯನವರ ಪ್ರಾಮಾಣಿಕತೆಯ ಬಗ್ಗೆ ಮಾತ್ರ ವಿರೋಧಿಗಳಿಗೂ ತಕರಾರು ಇರಲಿಲ್ಲ.

ಇದರ ಪಕ್ಕದಲ್ಲಿ ಕುವೆಂಪು ಅವರನ್ನು ಇಟ್ಟು ನೋಡಬಹುದು. ಗುಡಿ, ಚರ್ಚು, ಮಸೀದಿಗಳನ್ನು ಬಿಟ್ಟು ಹೊರಗೆ ಬನ್ನಿ ಎಂದು ಕರೆಕೊಟ್ಟ ಕವಿ ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಇದ್ದವರು, ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದವರು. ಪುರೋಹಿತರಿಲ್ಲದೆ ಮದುವೆಯಾಗಲು ಅವರು ರೂಪಿಸಿದ ಮಂತ್ರಮಾಂಗಲ್ಯವೂ ಮಂತ್ರವನ್ನು ಬಿಟ್ಟಿಲ್ಲ, ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಇಷ್ಟಾದರೂ ಮಂತ್ರಮಾಂಗಲ್ಯ ಮಾಡಿಕೊಳ್ಳುತ್ತೇವೆ ಎಂದ ಹುಡುಗ ಹುಡುಗಿಗೆ ನೆಂಟರಿಂದ ಸಿಗುವ ಮೊದಲ ಮಾತು, ಯಾಕೆ, ದೇವರ ಮೇಲೆ ಏನು ಕೋಪ ಎಂಬುದೇ.

ಈ ‘ಕೋಪ’ದ ಊಹೆ, ಅಂದರೆ ಗಾಯದ ಊಹೆ, ಬೈಗುಳದಷ್ಟು ಒರಟಲ್ಲದಿದ್ದರೂ ನನಗೆ ಅದಕ್ಕಿಂತ ಕಿರಿಕಿರಿಯದ್ದು. ಪಾಪ, ಚಿಕ್ಕ ವಯಸ್ಸಿನಲ್ಲಿ ತಾಯಿ ಹೋದರು. ವ್ಯಾಪಾರದಲ್ಲಿ ಪೆಟ್ಟು ತಿಂದ. ಹರಕೆ ಹೊತ್ತರೂ ಮಕ್ಕಳಾಗಲಿಲ್ಲ. ಇರಬಹುದು. ಕಷ್ಟ ಬಂದಾಗ ಪ್ರಶ್ನೆ ಹುಟ್ಟುವುದು ನಿಜ. ಹಾಗೆ ನೋಡಿದರೆ ಕಷ್ಟ ಬಂದಾಗ ಭಕ್ತಿ ಹುಟ್ಟುವುದೂ ಅಷ್ಟೇ ನಿಜ. ಆದರೆ ಎದೆನೋವು ಬಂದ ಮೇಲೆ ತಿರುಪತಿಗೆ ನಡೆದುಹೋಗುವವನ ಭಕ್ತಿಯನ್ನು ಕಾಯಿಲೆಯ ಲಕ್ಷಣ ಎಂದು ಯಾರೂ ಬಗೆಯುವುದಿಲ್ಲ. ಪ್ರಶ್ನೆಯೊಂದಕ್ಕೇ ಯಾಕೆ ಕಾರಣ ಹುಡುಕಬೇಕು? ಇನ್ನೊಬ್ಬರ ನಡವಳಿಕೆಗೆ ಸನ್ನಿವೇಶದಲ್ಲಿ ಕಾರಣ ಹುಡುಕದೆ ಸ್ವಭಾವದಲ್ಲಿ ಹುಡುಕುವ ಮನುಷ್ಯಸಹಜ ದೋಷಕ್ಕೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಒಂದು ಹೆಸರನ್ನೇ ಕೊಟ್ಟರು. ನಮ್ಮ ಹುಡುಗನ ವಿಷಯದಲ್ಲಿ ಸನ್ನಿವೇಶವೆಂದರೆ ತೆರೆದ ಅಡುಗೆಮನೆ, ಎದುರಿಗೆ ಫ್ರಿಜ್ಜು. ಅಷ್ಟೇ ಸಾಕಾಗಿತ್ತು.

ಪ್ರಶ್ನಿಸಿದವರು ಹೆಂಗಸಾಗಿದ್ದರೆ ಊಹೆ ಅವರೊಬ್ಬರಲ್ಲಿಗೆ ನಿಲ್ಲುವುದಿಲ್ಲ. ಅದೇ ಮಧ್ಯಾಹ್ನ, ಬಸುರಿಯಾಗಿದ್ದ ನೆರೆಮನೆಯ ಸೊಸೆ ಗ್ರಹಣ ಮುಗಿಯುವವರೆಗೂ ನೀರು ಕೂಡ ಬೇಡವೇ ಎಂದು ಕೇಳಿದಳಂತೆ. ಡಾಕ್ಟರು ಹೊತ್ತುಹೊತ್ತಿಗೆ ತಿನ್ನಬೇಕೆಂದಿದ್ದರು. ಅವಳ ತವರಿನಲ್ಲಿ ಏನನ್ನೂ ಹೇಳಿಕೊಟ್ಟಿಲ್ಲ ಎಂಬ ತೀರ್ಪು ಸಂಜೆಯ ಹೊತ್ತಿಗೆ ಕಾಂಪೌಂಡ್ ದಾಟಿ ಬಂದಿತ್ತು. ಗಂಡಸು ಕೇಳಿದರೆ ವಿಚಾರವಂತ, ಹೆಂಗಸು ಕೇಳಿದರೆ ಬೆಳೆಸಿದವರ ತಪ್ಪು. ದಲಿತನೊಬ್ಬ ದೇವಸ್ಥಾನದ ಪದ್ಧತಿಯ ಬಗ್ಗೆ ಕೇಳಿದರಂತೂ ಅವನ ಪ್ರಶ್ನೆಯನ್ನು ಹಳೆಯ ದ್ವೇಷದ ಲೆಕ್ಕಕ್ಕೆ ಬರೆದು ಪುಸ್ತಕ ಮುಚ್ಚುತ್ತಾರೆ. ಆ ದ್ವೇಷವೆಂದು ಕರೆಯಲಾದುದಕ್ಕೆ ಬಾಗಿಲ ಹೊರಗೆ ನಿಂತ ಅನುಭವವೇ ಆಧಾರವಾಗಿರಬಹುದು, ಆ ಅನುಭವವೇ ಒಂದು ಪುರಾವೆಯೂ ಆಗಿರಬಹುದು ಎಂಬ ಯೋಚನೆ ಬರುವುದಿಲ್ಲ.

ಈಗ ಭೌತಶಾಸ್ತ್ರದ ಒಂದೇ ತತ್ತ್ವವನ್ನು ಹೊತ್ತ ಎರಡು ಪ್ರಸಂಗಗಳು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆ ಎಂಬ ಸುದ್ದಿ ದೇಶವನ್ನೆಲ್ಲ ಸುತ್ತಿ ಬೆಂಗಳೂರಿನ ಗುಡಿಗಳ ಮುಂದೆಯೂ ಚಮಚ ಹಿಡಿದವರ ಸಾಲು ನಿಂತಿತು. ಹಾಲಿಗೆ ಬಣ್ಣ ಬೆರೆಸಿ ನೋಡಿದ ವಿಜ್ಞಾನಿಗಳು, ದ್ರವದ ಮೇಲ್ಮೈ ಸೆಳೆತದಿಂದ ಹಾಲು ಚಮಚದಿಂದ ಕಲ್ಲಿಗೆ ಅಂಟಿಕೊಂಡು ತೆಳ್ಳಗಿನ ಪೊರೆಯಾಗಿ ಕೆಳಗಿಳಿಯುತ್ತಿರುವುದನ್ನು ತೋರಿಸಿದರು. 2012ರಲ್ಲಿ ಮುಂಬೈಯ ವಿಲೆ ಪಾರ್ಲೆ ಬಳಿಯ ಚರ್ಚೊಂದರ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕತೊಡಗಿತು; ಭಕ್ತರು ಅದನ್ನು ತೀರ್ಥವೆಂದು ಸಂಗ್ರಹಿಸಿದರು. ವಿಚಾರವಾದಿ ಸನಲ್ ಎಡಮರುಕು ಹೋಗಿ ನೋಡಿ, ಹತ್ತಿರದ ಕಟ್ಟಿಕೊಂಡ ಚರಂಡಿಯ ನೀರು ಅದೇ ಸೆಳೆತದಿಂದ ಗೋಡೆಯ ಸಣ್ಣ ರಂಧ್ರಗಳ ಮೂಲಕ ಏರಿ ಬರುತ್ತಿದೆ ಎಂದರು. ನೀರು ಎಲ್ಲಿಂದ ಬರುತ್ತಿದೆ ಎಂಬುದು ಒಬ್ಬ ಪ್ಲಂಬರ್ ಕೂಡ ಕೇಳಬಹುದಾದ ಪ್ರಶ್ನೆ. ಕುಡಿಯುವವರ ಆರೋಗ್ಯದ ದೃಷ್ಟಿಯಿಂದ ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಬಂದ ಉತ್ತರ ಭಾರತೀಯ ದಂಡ ಸಂಹಿತೆಯ 295ಎ ಕಲಮಿನ ಅಡಿ ದೂರು. ಅದೇ ವರ್ಷ ಅವರು ದೇಶ ಬಿಟ್ಟು ಫಿನ್‌ಲ್ಯಾಂಡಿಗೆ ಹೋದರು.

1927ರಲ್ಲಿ ಸೇರಿಸಲಾದ, ಈಗ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿರುವ ಆ ಕಾನೂನನ್ನು ಓದಿದರೆ ಒಂದು ವಿಶೇಷ ಕಾಣುತ್ತದೆ. ಧಾರ್ಮಿಕ ಭಾವನೆಗೆ ನೋವಾಯಿತು ಎಂಬಷ್ಟೇ ಅಲ್ಲಿ ಸಾಲದು; ನೋವು ಮಾಡುವ ಉದ್ದೇಶ ಬುದ್ಧಿಪೂರ್ವಕವಾಗಿಯೂ ದುರುದ್ದೇಶದಿಂದಲೂ ಕೂಡಿರಬೇಕು. 1957ರಲ್ಲಿ ರಾಮ್‌ಜೀ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದದ್ದೂ ಅದು ಅವಮಾನದ ಉಗ್ರ ರೂಪವನ್ನು ಮಾತ್ರ ಶಿಕ್ಷಿಸುತ್ತದೆ ಎಂಬ ಕಾರಣ ಕೊಟ್ಟೇ. ಅಂದರೆ ಕಾನೂನು ಕೂಡ ಪ್ರಶ್ನಿಸಿದವನ ಮನಸ್ಸನ್ನು ಹೊಕ್ಕು ನೋಡುತ್ತದೆ, ಆದರೆ ಹೊಸ್ತಿಲು ಎತ್ತರವಾಗಿಟ್ಟುಕೊಂಡು, ಸಾಕ್ಷ್ಯ ಕೇಳಿ. ಬೀದಿಯ ನ್ಯಾಯಕ್ಕೆ ಹೊಸ್ತಿಲೇ ಇಲ್ಲ. ಅಲ್ಲಿ ಪ್ರಶ್ನೆಯೇ ದುರುದ್ದೇಶದ ಸಾಕ್ಷ್ಯ. ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. 1976ರ 42ನೆಯ ತಿದ್ದುಪಡಿಯಿಂದ ಬಂದ 51ಎ ವಿಧಿ ವೈಜ್ಞಾನಿಕ ಮನೋಭಾವ ಮತ್ತು ಜಿಜ್ಞಾಸೆಯನ್ನು ನಾಗರಿಕನ ಕರ್ತವ್ಯಗಳ ಪಟ್ಟಿಗೆ ಸೇರಿಸಿತು. ನರಸಿಂಹಯ್ಯನವರ ಸಮಿತಿಯೂ ಅದೇ ವರ್ಷದ್ದು. ಕರ್ನಾಟಕದ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ನಿರ್ಬಂಧದ ಕಾಯ್ದೆಯ ಚರ್ಚೆ ನಡೆದಾಗಲೂ ಅದನ್ನು ಕೇಳಿದವರ ಉದ್ದೇಶದ ಬಗ್ಗೆ ನಡೆದಷ್ಟು ಮಾತು ಅದರೊಳಗಿನ ಕಲಮುಗಳ ಬಗ್ಗೆ ನಡೆಯಲಿಲ್ಲ. ಎಂಜಲೆಲೆಯ ಮೇಲೆ ಉರುಳುವುದನ್ನು ನಿಷೇಧಿಸಿದ ಆ ಕಾಯ್ದೆ ಜ್ಯೋತಿಷವನ್ನೂ ವಾಸ್ತುವನ್ನೂ ಹೊರಗಿಟ್ಟಿದೆ. ಅದು ಸರಿಯೋ ತಪ್ಪೋ, ಧರ್ಮವನ್ನೇ ಅಳಿಸಲು ಹೊರಟವರು ಬರೆದ ಪಟ್ಟಿಯಂತೂ ಅದಲ್ಲ.

"ನಮ್ಮ ಧರ್ಮವನ್ನೇ ಯಾಕೆ ಕೇಳುತ್ತೀರಿ, ಅವರದನ್ನು ಕೇಳಿ ನೋಡೋಣ" ಎಂಬ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಂದು ಕಡೆ ಮಾತ್ರ ಕಣ್ಣು ತೆರೆದು ಇನ್ನೊಂದು ಕಡೆ ಮುಚ್ಚುವ ವಿಚಾರವಾದಿಗಳನ್ನು ನಾನೂ ಕಂಡಿದ್ದೇನೆ, ಅವರ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ಹೆಚ್ಚಿನ ಪ್ರಶ್ನೆಗಳು ಒಳಗಿನವರಿಂದಲೇ ಹುಟ್ಟುತ್ತವೆ, ಏಕೆಂದರೆ ಆಚರಣೆಯ ಹೊರೆಯೂ ಸೊಗಸೂ ಗೊತ್ತಿರುವುದು ಅವರಿಗೇ. ಎಂ.ಎಂ. ಕಲಬುರ್ಗಿಯವರು ವಚನ ಸಾಹಿತ್ಯದ ಸಂಪಾದನೆಗೆ ಬಾಳು ತೇದ ವಿದ್ವಾಂಸರು, ಲಿಂಗಾಯತ ಪರಂಪರೆಯೊಳಗಿನವರು. ಶರಣರ ಚರಿತ್ರೆಯ ಬಗ್ಗೆ ತಾವು ಬರೆದದ್ದನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾದಾಗ, ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂದು ನೊಂದು ನುಡಿದಿದ್ದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. 2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ ಫಾರೂಕ್ ಎಂಬ ಯುವಕ ಕೊಲೆಯಾದ. ಇಸ್ಲಾಮಿನಲ್ಲಿ ಹುಟ್ಟಿ ದೇವರಿಲ್ಲ ಎಂದವನು ಅವನು. ಅದೇ ವರ್ಷ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್. ಮನೆಯ ಗೊಣಗಾಟದಿಂದ ಗುಂಡಿನವರೆಗೆ ನೇರ ಗೆರೆ ಎಳೆಯುವುದು ಅನ್ಯಾಯ. ದೊಡ್ಡಪ್ಪನ ನಗುವಿನಲ್ಲಿ ಅಂಥದೇನೂ ಇರಲಿಲ್ಲ. ಒಂದನ್ನು ಮಾತ್ರ ಹೇಳಬಹುದು. ಕಲಬುರ್ಗಿಯವರ ಹೆಸರು ಇಂದು ಎಲ್ಲರಿಗೂ ಗೊತ್ತು. ಅವರು ಎತ್ತಿದ ಪ್ರಶ್ನೆ ಯಾವುದು ಎಂದು ಕೇಳಿದರೆ ಅವರನ್ನು ಹೊಗಳುವವರಲ್ಲೂ ತೆಗಳುವವರಲ್ಲೂ ಹೇಳಬಲ್ಲವರು ಕಡಿಮೆ.

ಪ್ರಶ್ನೆ ಕೇಳುವವರ ಕಡೆಯ ಊಹೆಗಳನ್ನೂ ಬಿಡುವಂತಿಲ್ಲ. ನಂಬುವವನು ಯೋಚಿಸುವುದಿಲ್ಲ ಎಂಬುದು ಅವರ ಮೊದಲ ಊಹೆ, ಅದೂ ಅಷ್ಟೇ ಜೊಳ್ಳು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಯ ಊಟದ ಮೇಜಿನಲ್ಲಿ ಸಂಕಷ್ಟಿ ಉಪವಾಸ ಮಾಡುವ ಹೆಣ್ಣುಮಗಳೊಬ್ಬಳಿಗೆ ಪ್ರತಿ ತಿಂಗಳು ಅದೇ ನಗು, ರೋಜಾ ಹಿಡಿದ ಸಹೋದ್ಯೋಗಿಗೆ ಪ್ರತಿ ವರ್ಷ "ನೀರು ಕೂಡ ಕುಡಿಯಬಾರದಾ" ಎಂಬ ಅದೇ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರು ಮುಗ್ಧರೇ ಇರಬಹುದು. ಉತ್ತರಿಸುವವರಿಗೆ ಅದು ನೂರನೆಯ ಸಲ. ಹತ್ತು ಜನರ ನಗುವಿನ ನಡುವೆ ಕೇಳಿದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಇದ್ದರೂ ಅದನ್ನು ಪ್ರಶ್ನೆ ಎನ್ನಲು ನನಗೆ ಮನಸ್ಸು ಬಾರದು. ಗುರುತಿಸುವ ದಾರಿ ಒಂದೇ: ಯಾವ ಉತ್ತರ ಸಿಕ್ಕರೆ ಕೇಳಿದವರು ಸುಮ್ಮನಾಗುತ್ತಾರೆ ಎಂದು ನೋಡುವುದು. ಯಾವ ಉತ್ತರಕ್ಕೂ ಸುಮ್ಮನಾಗದವರು ಕೇಳಲು ಬಂದವರಲ್ಲ. ಆದರೆ ಆ ಪರೀಕ್ಷೆ ಮಾಡಬೇಕಾದರೆ ಮೊದಲು ಒಂದು ಉತ್ತರವನ್ನಾದರೂ ಕೊಟ್ಟು ನೋಡಬೇಕು. ನಾವು ಎಡವುವುದು ಅಲ್ಲಿಯೇ.

ಆ ಭಾನುವಾರ ಸಂಜೆ, ಎಲ್ಲರೂ ಟಿ.ವಿ. ಮುಂದೆ ಕೂತಿದ್ದಾಗ ಭಾವನ ತಾಯಿ ಮೊಮ್ಮಗನನ್ನು ಅಡುಗೆಮನೆಗೆ ಕರೆದರು. ದರ್ಭೆಯ ಕಟ್ಟು ಅವರ ಕೈಯಲ್ಲಿತ್ತು. "ನಮ್ಮತ್ತೆ ಇದನ್ನ ಕಲಿಸೋವಾಗ ಮನೇಲಿ ಫ್ರಿಜ್ಜೇ ಇರಲಿಲ್ಲ ಕಣೋ. ಹಾಲು ಮಿಕ್ಕಿದ್ರೆ ಕೆಲಸದವಳಿಗೆ ಕೊಟ್ಟುಬಿಡ್ತಿದ್ವಿ. ಹಾಗಾಗಿ ನಂಗೆ ಗೊತ್ತಿಲ್ಲ" ಎಂದರು. ಸ್ವಲ್ಪ ಹೊತ್ತು ಯೋಚಿಸಿ ಎರಡೆಳೆ ಕಿತ್ತು ಅವನ ಕೈಗೆ ಕೊಟ್ಟು, "ಇಟ್ಟರೆ ನಷ್ಟ ಏನಿಲ್ಲ, ಇಡು. ಆಮೇಲೆ ಯಾರಾದ್ರೂ ತಿಳಿದೋರು ಸಿಕ್ಕಿದ್ರೆ ಕೇಳೋಣ, ನಂಗೂ ಹೇಳು" ಎಂದರು. ಹುಡುಗ ಫ್ರಿಜ್ಜಿನ ಬಾಗಿಲು ತೆರೆದು, ನಂದಿನಿ ಹಾಲಿನ ಎರಡು ಪ್ಯಾಕೆಟ್‌ಗಳ ಮೇಲೆ ಅವನ್ನು ನೇರವಾಗಿ ಜೋಡಿಸಿ ಇಟ್ಟ. ರಾತ್ರಿ ಹನ್ನೊಂದಕ್ಕೆ ಚಂದ್ರ ತಾಮ್ರದ ಬಣ್ಣಕ್ಕೆ ತಿರುಗುವ ಹೊತ್ತಿಗೆ ಅಜ್ಜಿ ಒಳಗೆ ಜಪಕ್ಕೆ ಕೂತಿದ್ದರು, ಮೊಮ್ಮಗ ಟೆರೇಸಿನ ಮೇಲೆ ಮೋಡ ಸರಿಯುವುದನ್ನು ಕಾಯುತ್ತಿದ್ದ. ಪ್ರಶ್ನೆ ಇಬ್ಬರ ಹತ್ತಿರವೂ ಇತ್ತು.